ಸೀಸೆಯಲ್ಲಿ ಉಳಿದ ಒಂದೇ ಹೇನು

2024ರ ಜನವರಿ 12, ಶುಕ್ರವಾರ. ಈ ದಿನಾಂಕಕ್ಕೆ ಆಧಾರ ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಸಂಕ್ರಾಂತಿಗೆ ಮುಂಚಿನ ಶುಕ್ರವಾರ ಎಂಬುದಷ್ಟೇ ನೆನಪಿನಲ್ಲಿತ್ತು. ಆ ವರ್ಷ ಹಬ್ಬ 15ರ ಸೋಮವಾರ ಬಂದಿತ್ತೆಂದು ನೋಡಿದ ಮೇಲೆ ಉಳಿದ ಲೆಕ್ಕ ಸರಿಹೊಂದಿತು. ಅಂದು, ನನ್ನ ಬಳಿ ಕೀಟಶಾಸ್ತ್ರ ಓದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬರು ದೊಡ್ಡಬಳ್ಳಾಪುರದ ನನ್ನ ಮನೆಗೆ ಬಂದರು. ಅವರ ಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಎಳ್ಳುಬೆಲ್ಲದ ಪೊಟ್ಟಣ. ಇನ್ನೊಂದು, ಹತ್ತಿಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದ, ಕಿರುಬೆರಳಿನಷ್ಟು ಉದ್ದದ ಗಾಜಿನ ಸೀಸೆ.

ಸೀಸೆಯ ಮದ್ಯಸಾರದಲ್ಲಿ ಕಂದುಬಣ್ಣದ ಒಂದು ಚುಕ್ಕೆ ತೇಲುತ್ತಿತ್ತು. ಬರಿಗಣ್ಣಿಗೆ ಅದು ನೆನೆದ ಎಳ್ಳಿನ ಕಾಳಿನಂತಿತ್ತು. ಅದು ದಕ್ಷಿಣ ಧ್ರುವಪ್ರದೇಶದ ಸೀಲ್ ಪ್ರಾಣಿಯೊಂದರ ಮೈಮೇಲಿನ ಹೇನು. ಅಲ್ಲಿಗೆ ಹೋದ ತಂಡದ ಜೊತೆಯಲ್ಲಿದ್ದ ಪಶುವೈದ್ಯರೊಬ್ಬರು, ದಡದಲ್ಲಿ ಸತ್ತುಬಿದ್ದಿದ್ದ ಸೀಲೊಂದರ ಹಿಂಗಾಲಿನ ಬೆರಳುಗಳ ನಡುವಿನಿಂದ ಕೆಲವನ್ನು ಅನುಮತಿ ಪಡೆದು ಆರಿಸಿ ತಂದು ಆಕೆಗೆ ಕೊಟ್ಟಿದ್ದರು. ಉಳಿದವು ಆಕೆಯ ಪ್ರಬಂಧದ ಚಿತ್ರಗಳಿಗಾಗಿ ಚಿನ್ನದ ಲೇಪ ಪಡೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಳೆದುಹೋಗಿದ್ದವು. ಉಳಿದದ್ದು ಇದೊಂದೇ, ಪ್ರಾಯದ ಹೆಣ್ಣು.

ಆಕೆ ದೇವನಹಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಪಾಠ ಮಾಡುತ್ತಲೇ ಡಾಕ್ಟರೇಟ್‌ಗೆ ನೋಂದಾಯಿಸಿಕೊಂಡಿದ್ದರು. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಲೇಖನವೊಂದು ಅಂಗೀಕಾರವಾಗದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಸಂಶೋಧನಾ ಪತ್ರಿಕೆಯ ಪರಿಶೀಲಕರು ಲೇಖನವನ್ನು ಒಂದೇ ಪ್ರಶ್ನೆಯೊಂದಿಗೆ ಹಿಂದಿರುಗಿಸಿದ್ದರು. ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅಷ್ಟು ವರ್ಷಗಳ ದುಡಿಮೆ ಅಲ್ಲಿಗೇ ನಿಲ್ಲುತ್ತಿತ್ತು.

ಪ್ರಶ್ನೆಯ ಹಿನ್ನೆಲೆಯನ್ನು ಹೇಳಬೇಕು. ಭೂಮಿಯ ಮೇಲೆ ಕೀಟಗಳಿಲ್ಲದ ಮೂಲೆಯನ್ನು ಹುಡುಕುವುದು ಕಷ್ಟ. ಸಮುದ್ರದ ಒಳಗೆ ಕೀಟವೊಂದನ್ನು ಹುಡುಕುವುದು ಅದಕ್ಕಿಂತಲೂ ಕಷ್ಟ. ತಿಮಿಂಗಿಲದ ಹೇನು ಎಂದು ಕರೆಸಿಕೊಳ್ಳುವ ಜೀವಿ ಸೀಗಡಿಯ ಬಂಧು, ಕೀಟವಲ್ಲ. ಸೀಲುಗಳ ಮೇಲಿರುವುದು ಮಾತ್ರ ನಿಜವಾದ ಹೇನು: ಆರು ಕಾಲು, ಗಾಳಿಯಲ್ಲೇ ಉಸಿರಾಟ, ರಕ್ತವೇ ಆಹಾರ. ಸೀಲುಗಳ ಪೂರ್ವಜರು ನೆಲದ ಮೇಲಿನ ಮಾಂಸಾಹಾರಿಗಳು. ಅವು ಕಡಲಿಗೆ ಇಳಿದಾಗ ಮೈಮೇಲಿದ್ದ ಹೇನುಗಳೂ ಇಳಿದವು. ಪ್ರಾಣಿಯ ಕಾಲುಗಳು ಈಜುವ ಹುಟ್ಟುಗಳಾಗಿ ಬದಲಾಗಲು ಹಿಡಿದ ಯುಗಗಳಷ್ಟೂ ಹೇನು ಕೂದಲನ್ನು ಬಿಡಲಿಲ್ಲ. ಇಂದು ಸೀಲು ನೂರಾರು ಮೀಟರ್ ಆಳಕ್ಕೆ ಮುಳುಗುತ್ತದೆ. ಅದರ ಬೆರಳ ಸಂದಿಯಲ್ಲಿ ಇದೂ ಮುಳುಗುತ್ತದೆ. ಮೊಟ್ಟೆಯಿಡುವುದಕ್ಕೆ, ಮರಿಯ ಮೈಗೆ ದಾಟುವುದಕ್ಕೆ ಮಾತ್ರ ಸೀಲು ದಡಕ್ಕೆ ಬರುವ ಕಾಲವನ್ನು ಕಾಯುತ್ತದೆ. ಅದರ ಬದುಕಿನ ಪಂಚಾಂಗವನ್ನು ಬರೆಯುವುದು ಇನ್ನೊಂದು ಪ್ರಾಣಿ.

ಸೀಲಿನ ಹೇನಿನ ಹೊಟ್ಟೆಯ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಪ್ಪಟೆ ಹುರುಪೆಗಳಿವೆ. ನೆಲದ ಪ್ರಾಣಿಗಳ ಹೇನಿಗೆ ಅವು ಇಲ್ಲ. ಈ ಹುರುಪೆಗಳ ನಡುವೆ ತೆಳುವಾದ ಗಾಳಿಯ ಪದರ ಸಿಕ್ಕಿಕೊಳ್ಳುತ್ತದೆ, ನೀರೊಳಗೆ ಹೇನು ಅದನ್ನೇ ಉಸಿರಾಡುತ್ತದೆ ಎಂಬುದು ಅಧ್ಯಾಪಕಿಯ ವಾದವಾಗಿತ್ತು. ಅಷ್ಟು ಆಳದ ಒತ್ತಡದಲ್ಲಿ ಆ ಗಾಳಿ ಹಿಂಡಿಹೋಗದೆ ಹೇಗೆ ಉಳಿಯುತ್ತದೆ ಎಂದು ಪರಿಶೀಲಕರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ, ಹಾಗೆಂದು ಆಕೆಗೆ ಹೇಳಿಯೂ ಬಿಟ್ಟೆ. ಎಳ್ಳುಬೆಲ್ಲವನ್ನು ತಟ್ಟೆಗೆ ಸುರಿಯುತ್ತಿದ್ದ ಆಕೆಯ ಕೈ ಒಂದು ಕ್ಷಣ ನಿಂತಿತು.

ಹುರುಪೆಯಿಲ್ಲದ ಹೇನೂ ಮುಳುಗಿ ಬದುಕಬಲ್ಲದೆ? ಇದು ಮೊದಲು ಕೇಳಬೇಕಾದ ಪ್ರಶ್ನೆ ಎಂದು ಇಬ್ಬರಿಗೂ ಹೊಳೆಯಿತು. ಅದಕ್ಕೆ ಜೀವಂತ ಹೇನು ಬೇಕು. ಅದೂ ದಿನಾ ನೀರಿಗಿಳಿಯುವ ಪ್ರಾಣಿಯದು. ಸೀಲು ನಮಗೆ ಎಲ್ಲಿಂದ ಸಿಗಬೇಕು? ಆದರೆ ತೂಬಗೆರೆ ಕಡೆ ಮೂಗಿನ ತುದಿ, ಕೊಂಬು ಬಿಟ್ಟು ಇಡೀ ದೇಹವನ್ನು ಕೆರೆಯಲ್ಲಿ ಅದ್ದಿಕೊಂಡು ಕೂರುವ ಎಮ್ಮೆಗಳಿದ್ದವು.

ಪರಿಚಯದ ಪಶು ಪರಿವೀಕ್ಷಕರೊಬ್ಬರು ತೂಬಗೆರೆಯ ಹತ್ತಿರದ ಒಂದು ಮನೆಯನ್ನು ಸೂಚಿಸಿ, ನಾವು ಬರುವ ವಿಷಯವನ್ನು ಮೊದಲೇ ತಿಳಿಸಿಟ್ಟರು. ಸಂಕ್ರಾಂತಿಗೆ ದನಕರುಗಳ ಮೈಯನ್ನು ಉಜ್ಜಿ ತೊಳೆಯುತ್ತಾರೆ, ಆಗ ಹೋದರೆ ಹೇನು ಸಿಗುವುದಿಲ್ಲ ಎಂದು ನಾನು ಲೆಕ್ಕಹಾಕಿ, ಹಬ್ಬ ಕಳೆದು ಎರಡು ವಾರ ಬಿಟ್ಟು, ಜನವರಿ 28ರ ಭಾನುವಾರವನ್ನು ಗೊತ್ತುಮಾಡಿದೆ. ದಿನದ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಎಮ್ಮೆಯ ಯಜಮಾನಿ ಐವತ್ತು ದಾಟಿದ ಗಟ್ಟಿ ಹೆಂಗಸು. ನಾವು ಕಾರಿನಿಂದ ಇಳಿಯುವಾಗಲೇ ಕೊಟ್ಟಿಗೆಯ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು.

"ಏನ್ ಸ್ವಾಮಿ, ಹೇನ್ ಹಿಡಿಯಾಕೆ ಕಾರ್ ಮಾಡ್ಕೊಂಡ್ ಬಂದ್ರಾ?" ಎಂದು ನಕ್ಕರು. ಆಮೇಲೆ ಸ್ವರ ತಗ್ಗಿಸಿದರು. "ನಮ್ ಎಮ್ಮೆಗೆ ಉಣ್ಣೆ ಗಿಣ್ಣೆ ಇದ್ರೆ ಇರ್ಬೋದು. ಹೇನಂತೂ ಇಲ್ಲ. ಬೇಕಾರೆ ಪಕ್ಕದ್ ಮನೇಲಿ ಕೇಳ್ನೋಡಿ."

ಎಮ್ಮೆ ಕರಿಕಲ್ಲಿನಂತೆ ಹೊಳೆಯುತ್ತಿತ್ತು. ಬಾಲದ ಕುಚ್ಚಿನಲ್ಲಿ, ಕಿವಿಯ ಒಳಮಗ್ಗುಲಲ್ಲಿ ಬಾಚಣಿಗೆ ಎಳೆದು ಅಂತೂ ಮೂವತ್ತರಷ್ಟು ಹೇನುಗಳನ್ನು ಕೂದಲ ಸಮೇತ ಡಬ್ಬಿಗೆ ಇಳಿಸಿದೆವು. ಅವುಗಳ ನಡಿಗೆ ಮಂದವಾಗಿತ್ತು. ಬೆಳಗಿನ ಚಳಿಗೆ ಹಾಗಾಗಿರಬೇಕೆಂದು ನಾವು ಭಾವಿಸಿದೆವು. ಯಜಮಾನಿ ಮುಖ ತಿರುಗಿಸಿಕೊಂಡು ನಿಂತಿದ್ದರು.

ಮನೆಗೆ ಬಂದು ಅವುಗಳನ್ನು ಎರಡು ಪಾಲು ಮಾಡಿದೆವು. ಒಂದು ಪಾಲನ್ನು ಕೂದಲಿನ ಕುಚ್ಚಿಗೆ ಹತ್ತಿಸಿ, ಟೀ ಸೋಸುವ ಜಾಲರಿಯಲ್ಲಿ ಕೂರಿಸಿ, ಅದೇ ಕೆರೆಯಿಂದ ತಂದು ತಿಳಿಯಾಗಿಸಿದ ನೀರಿನಲ್ಲಿ ಮುಳುಗಿಸಿದೆವು. ಇನ್ನೊಂದು ಪಾಲು ಹೋಲಿಕೆಗಾಗಿ ಒಣ ಡಬ್ಬಿಯಲ್ಲಿ, ಬೆಚ್ಚಗೆ. ಕೆಲವು ಗಂಟೆಗಳ ಮೇಲೆ ಮುಳುಗಿಸಿದವನ್ನು ಎತ್ತಿ ಒತ್ತುಕಾಗದದ ಮೇಲೆ ಹರಡಿ ಕಾದೆವು. ಒಂದೂ ಏಳಲಿಲ್ಲ. ಅಧ್ಯಾಪಕಿಯ ಮುಖದಲ್ಲಿ ಬೆಳಕು ಮೂಡಿತು. ಹುರುಪೆಯಿಲ್ಲದ್ದು ಸಾಯುತ್ತದೆ ಎಂದಾದರೆ ಹುರುಪೆಯೇ ಉಳಿಸುತ್ತದೆ ಎಂಬ ಅವರ ವಾದಕ್ಕೆ ಬಲ ಬಂದಂತೆ. ಆ ಬೆಳಕು ಒಣ ಡಬ್ಬಿಯ ಮುಚ್ಚಳ ತೆಗೆಯುವವರೆಗೆ ಇತ್ತು. ನೀರನ್ನೇ ಕಾಣದ ಆ ಹೇನುಗಳೂ ಸತ್ತಿದ್ದವು.

ಕೊಂದದ್ದು ನೀರಲ್ಲ ಎಂದಾಯಿತು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಹೊಂಗೆ ಎಣ್ಣೆಯ ಕಹಿ ವಾಸನೆ.

ಬೆಂಗಳೂರಿನಲ್ಲಿ ಓದಿಕೊಂಡವರು ಮನೆಗೆ ಬರುತ್ತಾರೆ, ಎಮ್ಮೆಯ ಮೈ ನೋಡುತ್ತಾರೆ ಎಂದು ತಿಳಿದ ಯಜಮಾನಿ ಹಿಂದಿನ ದಿನವೇ ಬಿಸಿನೀರಿನಲ್ಲಿ ಅದನ್ನು ತಿಕ್ಕಿ, ತಲೆಯಿಂದ ಬಾಲದವರೆಗೆ ಹೊಂಗೆ ಎಣ್ಣೆ ಸವರಿದ್ದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮಾಡುವಂಥ ಸಡಗರ ಅದು. ನಮ್ಮನ್ನು ಗೌರವಿಸಲೆಂದೇ ನಾವು ಹುಡುಕಿಕೊಂಡು ಬಂದದ್ದನ್ನು ಅವರು ಉಸಿರುಗಟ್ಟಿಸಿದ್ದರು. ಹೇನಿನ ಎರಡು ಪಕ್ಕೆಗಳ ಉದ್ದಕ್ಕೂ ಉಸಿರುರಂಧ್ರಗಳ ಸಾಲಿದೆ. ಎಣ್ಣೆಯ ತೆಳುವಾದ ಪೊರೆ ಸಾಕು, ಅವು ಕಟ್ಟಿಹೋಗಲು.

ಮುಂದಿನ ವಾರ ನಾನೊಬ್ಬನೇ ಹೋದೆ. ಇನ್ನೊಂದಷ್ಟು ದಿನ ಎಣ್ಣೆ ಹಚ್ಚಬೇಡಿ ಎಂದು ಕೇಳುವುದು ಸುಲಭವಿರಲಿಲ್ಲ. ಯಜಮಾನಿಗೆ ಅದು ತಲೆ ಬಾಚಬೇಡಿ ಎಂದು ಕೇಳಿದಂತೆ. ಹೇನು ಹೊತ್ತ ಎಮ್ಮೆಯನ್ನು ಬೇಕೆಂದೇ ಕೆರೆಗೆ ಬಿಟ್ಟರೆ ಊರಿನವರು ನಗುವುದಿಲ್ಲವೇ ಎಂದು ಕೇಳಿದರು. ಮೊಬೈಲಿನಲ್ಲಿದ್ದ ಸೀಲಿನ ಹೇನಿನ ಚಿತ್ರವನ್ನು ತೋರಿಸಿದೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ಸಮುದ್ರುದಾಗೆ ಮುಳುಗ್ತದಾ?"

ಹೌದೆಂದೆ. ನಮ್ಮ ತೂಬಗೆರೆ ಕೆರೆಯಂಥ ಎಷ್ಟೋ ಕೆರೆಗಳನ್ನು ಒಂದರ ಮೇಲೊಂದು ಇಟ್ಟಷ್ಟು ಆಳ ಎಂದೆ.

"ಒಳಗೆ ಉಸ್ರು?"

ಅದನ್ನು ತಿಳಿಯಲೆಂದೇ ನಿಮ್ಮ ಎಮ್ಮೆಯ ಹತ್ತಿರ ಬಂದಿರುವುದು ಎಂದೆ. ಅವರು ಮೊಬೈಲನ್ನು ಹಿಂದಕ್ಕೆ ಕೊಟ್ಟರು.

"ಆಯ್ತು ಬುಡಿ. ಯಾರಾನ ಕೇಳುದ್ರೆ ಹಾಲ್ ಪರೀಕ್ಷೆ ಅಂತೀನಿ. ನೀವೂ ಹಂಗೇ ಅನ್ಬೇಕು. ಇನ್ನೊಂದ್ ಮಾತು, ಏನಾಯ್ತು ಅಂತ ನಾನ್ ಬಂದ್ ನೋಡೋಳೇ."

ಎರಡನೆಯ ಪ್ರಯೋಗದ ದಿನ, ಫೆಬ್ರವರಿ 9ರ ಶುಕ್ರವಾರ, ಅವರು ಹೇನಿನ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಾವೇ ತಂದರು.

ನನ್ನ ಕೆಲಸದ ಕೋಣೆಯ ಬಗ್ಗೆ ಒಂದು ಮಾತು. ಗೋಡೆಯ ಆಚೆ ಪವರ್‌ಲೂಮ್‌ಗಳಿವೆ. ಮಗ್ಗಗಳು ಓಡುವಾಗ ನೆಲ ನಡುಗುತ್ತದೆ. ಮನುಷ್ಯರಿಗೆ ಅದು ಅಭ್ಯಾಸವಾಗುತ್ತದೆ, ಸೂಕ್ಷ್ಮದರ್ಶಕಕ್ಕೆ ಆಗುವುದಿಲ್ಲ. ಮೇಜಿನ ಕಾಲುಗಳ ಕೆಳಗೆ ಹಳೆಯ ಸ್ಕೂಟರ್ ಟ್ಯೂಬುಗಳನ್ನು ಮಡಚಿ ಇಟ್ಟಿದ್ದೇನೆ. ಆದರೂ ಹೆಚ್ಚಿನ ವರ್ಧನೆಯಲ್ಲಿ ಚಿತ್ರ ನೀರಿನಲ್ಲಿ ಅಲುಗಿದಂತೆ ಅಲುಗುತ್ತದೆ. ಆದ್ದರಿಂದ ಮುಖ್ಯವಾದದ್ದನ್ನೆಲ್ಲ ಮಗ್ಗದವರು ಊಟಕ್ಕೆ ಎದ್ದಾಗ ನೋಡುವುದು ನನ್ನ ಪದ್ಧತಿ. ಅಧ್ಯಾಪಕಿ ಸೂಕ್ಷ್ಮದರ್ಶಕಕ್ಕೆ ಚಿಕ್ಕದೊಂದು ಕ್ಯಾಮೆರಾ ಜೋಡಿಸಿ ಅದರ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಮೂಡಿಸಿದ್ದರು. ಯಜಮಾನಿಗೆ ಬಗ್ಗಿ, ಒಂದು ಕಣ್ಣು ಮುಚ್ಚಿಕೊಂಡು ಸೂಕ್ಷ್ಮದರ್ಶಕದ ಕೊಳವೆಯಲ್ಲಿ ನೋಡುವ ತೊಂದರೆ ತಪ್ಪಿತು.

ಬೆಳಗ್ಗೆ ಮುಳುಗಿಸಿದ ಹೇನುಗಳನ್ನು ಮಗ್ಗಗಳು ನಿಂತ ಹೊತ್ತಿಗೆ ಎತ್ತಿದೆವು. ಒಣ ಡಬ್ಬಿಯವು ಈ ಸಲ ಚುರುಕಾಗಿ ಓಡಾಡುತ್ತಿದ್ದವು. ನೀರಿನಿಂದ ಬಂದವು ಕೂದಲನ್ನು ಉಗುರಿನಲ್ಲಿ ಕಚ್ಚಿ ಹಿಡಿದು ಅಲುಗದೆ ಬಿದ್ದಿದ್ದವು. ಪರದೆಯ ಮೇಲೆ ಒಂದೊಂದೂ ಹುಣಸೆಬೀಜದಷ್ಟು ದೊಡ್ಡದಾಗಿ, ಸತ್ತಂತೆ. ಸೂಜಿಯಿಂದ ಮುಟ್ಟಿದರೂ ಉತ್ತರವಿಲ್ಲ.

"ಹೋದ್ವಲ್ಲ ಸ್ವಾಮಿ" ಎಂದರು ಯಜಮಾನಿ. ಹೇನಿಗಾಗಿ ಒಬ್ಬರು ಮರುಗಿದ್ದನ್ನು ನಾನು ಜೀವನದಲ್ಲಿ ಕೇಳಿದ್ದು ಅದೊಂದೇ ಸಲ.

ಆಗ ಎಡತುದಿಯ ಹೇನಿನ ಮುಂಗಾಲಿನ ಉಗುರು ಕೂದಲಿನಿಂದ ಒಂದಿಷ್ಟು ಸಡಿಲಿತು. ಮತ್ತೆ ಬಿಗಿಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹೊಟ್ಟೆಯ ಅಂಚು ಮೆಲ್ಲಗೆ ಉಬ್ಬಿ ಇಳಿಯಿತು. ಒಂದಾದ ಮೇಲೊಂದರಂತೆ, ಅಪ್ಪಣೆಗಾಗಿ ಕಾದಿದ್ದವರಂತೆ, ಹೆಚ್ಚಿನವು ಎದ್ದವು. ಒಂದು ಹೇನು ತಾನು ಅಲ್ಲಿಯವರೆಗೂ ಹಿಡಿದಿದ್ದ ಕೂದಲನ್ನು ಬಿಟ್ಟು ಪಕ್ಕದ ಕೂದಲಿಗೆ ದಾಟಿತು. ಕೀಟಗಳನ್ನು ಕೊಲ್ಲುವ ವಿಧಾನಗಳನ್ನು ಅಭ್ಯಾಸ ಮಾಡುತ್ತ ಕಳೆದ ನನ್ನ ವೃತ್ತಿಯಲ್ಲಿ, ಸತ್ತಿತೆಂದು ನಾನು ಬರೆದಿಟ್ಟ ಎಷ್ಟು ಜೀವಿಗಳು ಬರೀ ಕಾಯುತ್ತಿದ್ದವೋ ಎಂಬ ಯೋಚನೆ ಬಂತು.

ಅಧ್ಯಾಪಕಿ ಮೆಲ್ಲಗೆ, "ನನ್ನ ಪೇಪರ್ ಬಿದ್ದೋಯ್ತಲ್ಲ ಸರ್" ಎಂದರು.

ಬಿದ್ದದ್ದು ಗಾಳಿಪದರದ ವಾದ. ಹುರುಪೆಯೇ ಇಲ್ಲದ ಎಮ್ಮೆಯ ಹೇನು ಮುಳುಗಿ ಬದುಕಿತ್ತು. ಹಾಗಾದರೆ ಗುಟ್ಟು ಇನ್ನೆಲ್ಲೋ ಇರಬೇಕು. ಹೆಚ್ಚಾಗಿ ಉಸಿರುರಂಧ್ರದ ಒಳಗಿನ ಬಾಗಿಲಲ್ಲಿ. ಎಲ್ಲ ಹೇನುಗಳಿಗೂ ಅಲ್ಲಿ ಮುಚ್ಚುವ ಏರ್ಪಾಡು ಇದೆ. ಸೀಲಿನ ಹೇನಿನಲ್ಲಿ ಅದು ಹೇಗಿದೆ ಎಂಬುದನ್ನು ತೋರಿಸಿದರೆ ಪರಿಶೀಲಕರಿಗೆ ಅರ್ಥವುಳ್ಳ ಉತ್ತರ ಕೊಟ್ಟಂತಾಗುತ್ತಿತ್ತು. ತೋರಿಸಲು ದಾರಿ ಒಂದೇ. ಹೇನಿನ ಪಕ್ಕೆಯನ್ನು ಸೂಜಿಯಿಂದ ಚುಚ್ಚಿ, ಬೆಚ್ಚಗಿನ ಪೊಟ್ಯಾಶ್ ಕ್ಷಾರದಲ್ಲಿ ಇಟ್ಟರೆ ಒಳಗಿನ ಮೆತ್ತನೆಯ ಭಾಗಗಳೆಲ್ಲ ಕರಗಿ, ಗಾಜಿನಂಥ ಹೊರಕವಚ ಮತ್ತು ಗಾಳಿನಾಳಗಳ ಒಳಪದರ ಮಾತ್ರ ಉಳಿಯುತ್ತವೆ. ಹದ ತಪ್ಪಿದರೆ ಅದೂ ಉಳಿಯುವುದಿಲ್ಲ. ಮದ್ಯಸಾರದಲ್ಲಿ ಬಹುಕಾಲ ಕೂತ ಕೀಟ ಹಪ್ಪಳದಂತೆ ಮುರಿಯುವುದನ್ನು ನಾನು ಕಂಡಿದ್ದೇನೆ. ನಮ್ಮ ಬಳಿ ಇದ್ದದ್ದು ಒಂದೇ ಹೇನು. ಒಂದೇ ಇರುವ ಮಾದರಿಯನ್ನು ಮುಟ್ಟಬಾರದು ಎಂದು ಆಕೆಗೆ ಕಲಿಸಿದವನು ನಾನೇ.

ಮುಂದೆ ನಡೆದದ್ದನ್ನು ನನ್ನ ನೆನಪಿನ ಪ್ರಕಾರ ಹೇಳುತ್ತೇನೆ. ಯಜಮಾನಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ಕಿಟಕಿಯ ಬಳಿ ಹೋಗಿ ನಿಂತೆ. ದೇವನಹಳ್ಳಿಯ ಕಡೆಗೆ ಇಳಿಯುತ್ತಿದ್ದ ವಿಮಾನವೊಂದು ತೆಂಗಿನ ಮರಗಳ ಹಿಂದೆ ಮರೆಯಾಗುವವರೆಗೂ ಯೋಚಿಸಿದೆ. ಮಾದರಿಯನ್ನು ಉಳಿಸಿದರೆ ಮುಂದೆ ಎಂದಾದರೂ ಇನ್ನೊಬ್ಬರು ನೋಡಬಹುದು. ಆಕೆಗೆ ಆ ಮುಂದಿನ ಕಾಲ ಇರಲಿಲ್ಲ. ತಿರುಗಿ, "ಹಾಕಮ್ಮ, ಜವಾಬ್ದಾರಿ ನಂದು" ಎಂದೆ. ಆಕೆ ಸೀಸೆಯನ್ನು ಬಗ್ಗಿಸಿದರು.

ಕ್ಷಾರದ ಬಟ್ಟಲನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸಂಜೆಯವರೆಗೂ ಸರದಿಯಲ್ಲಿ ಕಾದೆವು. ಕಂದು ಚುಕ್ಕೆ ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ತಿಳಿ ಚಹಾದ ಬಣ್ಣಕ್ಕೆ ತಿರುಗಿತು. ಎಡಗಡೆಯ ಒಂದು ಕಾಲು ಕಳಚಿತು. ಅಧ್ಯಾಪಕಿ ಕುರ್ಚಿಯಿಂದ ಎದ್ದು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದರು. ದೇಹ ಉಳಿಯಿತು. ನೀರಿನಲ್ಲಿ ತೊಳೆದು, ಗಾಜಿನ ಪಟ್ಟಿಯ ಮೇಲೆ ಮಲಗಿಸಿ, ಮರುದಿನ ಮಗ್ಗಗಳು ನಿಲ್ಲುವುದನ್ನು ಕಾದು ನೋಡಿದೆವು.

ಹುರುಪೆಗಳು ಹಾಗೆಯೇ ಇದ್ದವು, ಆದರೆ ಈಗ ಅವುಗಳ ಮೂಲಕ ಒಳಗೆ ಕಾಣುತ್ತಿತ್ತು. ಎರಡು ಪಕ್ಕೆಗಳಲ್ಲಿ ಉಸಿರುರಂಧ್ರಗಳು ದೀಪದ ಸಾಲಿನಂತೆ. ಪ್ರತಿಯೊಂದರ ಹಿಂದೆ ಪುಟ್ಟ ಕೋಣೆ. ಕೋಣೆಯ ಗೋಡೆಯ ತುಂಬ ಏಣುಗಳು. ಕೋಣೆ ಮುಗಿದು ಗಾಳಿನಾಳ ಶುರುವಾಗುವ ಕುತ್ತಿಗೆಯಲ್ಲಿ ಜೇನುಬಣ್ಣದ ಬಾಗಿದ ಒಂದು ಕಡ್ಡಿ. ಹನಿ ನೀರಾವರಿಯ ಪೈಪಿನ ತುದಿಯನ್ನು ಮಡಚಿ ನೀರು ನಿಲ್ಲಿಸುವುದನ್ನು ನಮ್ಮ ಕಡೆಯ ತೋಟಗಳಲ್ಲಿ ಯಾರು ಬೇಕಾದರೂ ನೋಡಬಹುದು. ಇಲ್ಲಿಯೂ ಅದೇ ಉಪಾಯ. ಸ್ನಾಯು ಎಳೆದರೆ ಕಡ್ಡಿ ನಾಳವನ್ನು ಮಡಚುತ್ತದೆ, ಬಾಗಿಲು ಮುಚ್ಚುತ್ತದೆ. ಕಣ್ಣಿಗೆ ಕಾಣದ ಆ ಮಡಿಕೆಯ ಒಂದು ಬದಿಯಲ್ಲಿ ಇಡೀ ದಕ್ಷಿಣ ಸಾಗರದ ಭಾರ, ಇನ್ನೊಂದು ಬದಿಯಲ್ಲಿ ಒಂದು ಹೇನಿನ ಪ್ರಾಣ. ಬಾಗಿಲು ಮುಚ್ಚಿದ ಮೇಲೆ ಅದು ಅಷ್ಟು ಹೊತ್ತು ಒಳಗೆ ಏನು ಮಾಡುತ್ತದೆ, ಎಷ್ಟು ಕಡಿಮೆ ಉರಿದು ಬದುಕುತ್ತದೆ, ಚರ್ಮದಿಂದ ಏನನ್ನಾದರೂ ಹೀರುತ್ತದೆಯೇ ಎಂಬುದು ನಮಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದೇ ಬರೆದೆವು. ಹುರುಪೆಗಳು ಏತಕ್ಕಾಗಿ ಎಂಬುದನ್ನೂ ಪ್ರಶ್ನೆಯಾಗಿಯೇ ಬಿಟ್ಟೆವು.

ಅಧ್ಯಾಪಕಿ ತಮ್ಮ ಮುಖ್ಯ ವಾದವನ್ನು ತಾವೇ ಹೊಡೆದುಹಾಕಿ ಲೇಖನವನ್ನು ಹೊಸದಾಗಿ ಬರೆದರು. ಅದು ಮೊದಲಿಗಿಂತ ಚಿಕ್ಕದಾಯಿತು, ಅಂಗೀಕಾರವಾಯಿತು. ಪ್ರಬಂಧವನ್ನು ಅವಧಿಯೊಳಗೆ ಸಲ್ಲಿಸಿದರು. ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಏಕೈಕ ಮಾದರಿಯನ್ನು ಬಳಸುವ ನಿರ್ಧಾರ ತಮ್ಮ ಗುರುವಾದ ನನ್ನದು ಎಂದು ಆಕೆ ಬರೆದಿದ್ದಾರೆ. ಅಚ್ಚಿಗೆ ಮೊದಲು ನನಗೆ ಓದಿ ಹೇಳಿದ್ದರು, ನಾನು ತಲೆಯಾಡಿಸಿದ್ದೆ.

ಈ ಬರಹಕ್ಕಾಗಿ ದಿನಾಂಕಗಳನ್ನು ತಾಳೆ ನೋಡಲು ಕಳೆದ ವಾರ ಆಕೆಯಿಂದ ಕ್ಯಾಮೆರಾದ ವಿಡಿಯೊ ಕಡತಗಳನ್ನು ತರಿಸಿಕೊಂಡೆ. ಫೆಬ್ರವರಿ 9 ಸರಿಯಾಗಿಯೇ ಇದೆ. ಹೇನುಗಳು ಎದ್ದು ಓಡಾಡಲು ಶುರುಮಾಡಿದ ಮೇಲೂ ಕ್ಯಾಮೆರಾವನ್ನು ಯಾರೂ ನಿಲ್ಲಿಸಿರಲಿಲ್ಲ. ಅದು ಧ್ವನಿಯನ್ನೂ ಹಿಡಿಯುತ್ತದೆಂಬುದು ನನಗೆ ತಿಳಿದಿರಲಿಲ್ಲ. ಮಗ್ಗಗಳು ನಿಂತಿದ್ದುದರಿಂದ ಒಂದೊಂದು ಮಾತೂ ಸ್ಪಷ್ಟ. ಪರದೆಯ ಮೇಲೆ ಎಮ್ಮೆಯ ಹೇನೊಂದು ಕೂದಲಿನಿಂದ ಕೂದಲಿಗೆ ದಾಟುತ್ತಿದೆ, ನನ್ನ ಧ್ವನಿ, "ಬೇಡಮ್ಮ, ಒಂದೇ ಇರೋದು. ಬೇರೆ ಏನಾದ್ರೂ ದಾರಿ ನೋಡೋಣ" ಎನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನಾನು ಮತ್ತೊಮ್ಮೆ ಬೇಡವೆನ್ನುತ್ತೇನೆ. ಆಗ ಇನ್ನೊಂದು ಧ್ವನಿ, ಬಹಳ ಹತ್ತಿರದಿಂದ:

"ಅದು ಸಮುದ್ರ ದಾಟ್ಕಂಡ್ ಬಂದಿರೋದು ಸೀಸೆಲಿ ಕೂರಾಕಾ ಸ್ವಾಮಿ? ನನ್ ಎಮ್ಮೇದ್ ತೋರುಸ್ದೆ, ನಾಚ್ಕೆ ಬುಟ್ಟು. ನಿಮ್ದೂ ತೆಗೀರಿ."

ಯಾರೋ ನಕ್ಕ ಸದ್ದು. ಆಮೇಲೆ ಗಾಜಿಗೆ ಗಾಜು ತಗುಲಿದ ಸಣ್ಣ ಸದ್ದು. ಕಡತವನ್ನು ಮೂರು ಸಲ ಕೇಳಿದೆ. "ಹಾಕಮ್ಮ" ಎಂಬ ನನ್ನ ಮಾತು ಅದರಲ್ಲಿ ಎಲ್ಲಿಯೂ ಇಲ್ಲ, ವಿಮಾನದ ಸದ್ದೂ ಇಲ್ಲ. ನನ್ನ ನೆನಪಿನಲ್ಲಿ ಆ ಹೊತ್ತಿಗೆ ಯಜಮಾನಿ ತೂಬಗೆರೆಯ ಬಸ್ಸಿನಲ್ಲಿದ್ದಾರೆ. ಕಡತದಲ್ಲಿ, ಸೀಸೆ ಬಗ್ಗಿದ ಕ್ಷಣದಲ್ಲಿ, ಮೇಜಿನ ಅಂಚಿಗೆ ಒರಗಿದ ಅವರ ಗಾಜಿನ ಬಳೆಗಳ ಸದ್ದಿದೆ.